ಮೊಳೆ ಅತ್ತಿಗೆ

ಮಡಿಸುವ ಕೋಣೆಯ ಒಳಗೋಡೆಯಲ್ಲಿ, ಅಲ್ಲಿ ಬಟ್ಟೆ ಮಡಿಸುವ ಗುಬ್ಬಿ ಎಂಬವಳ ಎದೆಯೆತ್ತರಕ್ಕೆ ಸರಿಯಾಗಿ, ದಪ್ಪನೆಯ ಒಂದು ಮೊಳೆಯಿತ್ತು. ಯಾವ ಕಾಲದಲ್ಲಿ ಯಾರು ಹೊಡೆದದ್ದೋ ಏನೋ, ತುದಿ ಕೊಂಚ ಮೇಲಕ್ಕೆ ಬಾಗಿತ್ತು. ಅದಕ್ಕೆ ಯಾರೂ ಚೀಲ ನೇತುಹಾಕುತ್ತಿರಲಿಲ್ಲ, ಕ್ಯಾಲೆಂಡರ್ ತಗುಲಿಸುತ್ತಿರಲಿಲ್ಲ. ಅದಕ್ಕೊಂದು ಮರ್ಯಾದೆಯಿತ್ತು. ಕೋಣೆಯ ಹೆಂಗಸರೆಲ್ಲ ಅದನ್ನು ಮೊಳೆ ಅತ್ತಿಗೆ ಎಂದೇ ಕರೆಯುತ್ತಿದ್ದರು.

ಅದು ಬಟ್ಟೆ ಒಗೆಯುವ ಕಾರ್ಖಾನೆ. ಊರಿನ ಆಸ್ಪತ್ರೆಗಳಿಂದ, ವಸತಿಗೃಹಗಳಿಂದ ಹಾಸುಬಟ್ಟೆಗಳು ಗಂಟುಗಂಟಾಗಿ ಬಂದು, ದೊಡ್ಡ ಯಂತ್ರಗಳಲ್ಲಿ ತಿರುಗಿ, ಹಬೆಯಲ್ಲಿ ಬೆಂದು, ಇಸ್ತ್ರಿಯ ಉರುಳೆಗಳ ನಡುವೆ ಚಪ್ಪಟೆಯಾಗಿ, ಕೊನೆಗೆ ಮಡಿಸುವ ಕೋಣೆಗೆ ಬಂದು ಬೀಳುತ್ತಿದ್ದವು. ಮಡಿಸಲು ಜೋಡಿ ಬೇಕು. ಈ ತುದಿಗೊಬ್ಬಳು, ಆ ತುದಿಗೊಬ್ಬಳು. ಬಟ್ಟೆಯನ್ನು ಒಮ್ಮೆ ಪಟ್ಟೆಂದು ಎಳೆದು, ಅಂಚಿಗೆ ಅಂಚು ಕೂಡಿಸಿ, ಎದುರುಬದುರಾಗಿ ನಡೆದು ಬಂದು, ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಮೂಲೆಗಳನ್ನು ಒಪ್ಪಿಸಿ, ಮತ್ತೆ ಹಿಂದಕ್ಕೆ ಸರಿಯಬೇಕು. ದಿನಕ್ಕೆ ನಾನೂರು ಸಲ ಹೀಗೆ ಹತ್ತಿರ ಬಂದು ದೂರ ಹೋಗುವ ಇಬ್ಬರು ಹೆಂಗಸರು ಅಕ್ಕತಂಗಿಯರಾಗದೆ ಇರುವುದು ಹೇಗೆ?

ಗುಬ್ಬಿಯ ಜೋಡಿ ಉದ್ದಕ್ಕ. ಗುಬ್ಬಿ ಹೆಸರಿಗೆ ತಕ್ಕ ಹಾಗೆ ಪುಟ್ಟವಳು. ಉದ್ದಕ್ಕ ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ಬರುವಂಥವಳು, ಗುಬ್ಬಿಗಿಂತ ಇಪ್ಪತ್ತು ವರ್ಷ ದೊಡ್ಡವಳು. ಇವರಿಬ್ಬರ ನಡುವೆ ಹಾಸುಬಟ್ಟೆ ಯಾವಾಗಲೂ ಇಳಿಜಾರಾಗಿಯೇ ಇರುತ್ತಿತ್ತು.

"ನೋಡ್ರೇ ನೋಡ್ರೇ, ಜಾರುಬಂಡೆ ಶುರುವಾಯ್ತು," ಎಂದು ಉರುಳೆಯ ಬಳಿಯಿಂದ ಇಸ್ತ್ರಿ ದೊಡ್ಡಮ್ಮ ಕೂಗುತ್ತಿದ್ದಳು. "ಗುಬ್ಬೀ, ಒಂದು ಸ್ಟೂಲು ತರಿಸ್ಲೇನೇ ನಿಂಗೆ?"

"ನಂಗ್ಯಾಕೆ ಸ್ಟೂಲು? ಅಕ್ಕನ್ನೇ ಎರಡು ಇಂಚು ಕತ್ತರಿಸಿಬಿಡಿ!"

ಉದ್ದಕ್ಕ ನಗುತ್ತಿದ್ದಳು. ಜೋರಾಗಿ ನಗುವವಳಲ್ಲ, ಮೂಗಿನಿಂದ ಒಂದು ಉಸಿರು ಬಿಟ್ಟರೆ ಅದೇ ನಗು. ನಕ್ಕಾದ ಮೇಲೆ, "ಹೂಂ, ಆಮೇಲೆ?" ಎನ್ನುತ್ತಿದ್ದಳು.

ಯಾಕೆಂದರೆ ಗುಬ್ಬಿ ಮಡಿಸುತ್ತ ಮಡಿಸುತ್ತ ಕಥೆ ಹೇಳುತ್ತಿದ್ದಳು. ಅವಳ ಅಜ್ಜಿ ಹೇಳಿದ ಕಥೆಗಳು. ಅಜ್ಜಿ ಹೋಗಿ ಎಷ್ಟೋ ವರ್ಷವಾಗಿತ್ತು, ಆದರೆ ಕಥೆಗಳು ಗುಬ್ಬಿಯ ತಲೆಯಲ್ಲಿ ಬೆಚ್ಚಗೆ ಕೂತಿದ್ದವು. ಅದರಲ್ಲೂ ಉದ್ದಕ್ಕನಿಗೆ ಬೇಕಾಗಿದ್ದದ್ದು ಏಳು ನದಿಯ ಕಥೆ. ಅಕ್ಕನ ದನಿಯನ್ನು ಗಾಳಿ ಕದ್ದುಕೊಂಡು ಹೋಗುತ್ತದೆ. ಅದನ್ನು ತರಲು ತಂಗಿ ಏಳು ನದಿ ದಾಟಿ ಹೊರಡುತ್ತಾಳೆ. ಒಂದೊಂದು ನದಿಗೂ ಒಬ್ಬೊಬ್ಬ ಅಂಬಿಗ, ಒಬ್ಬೊಬ್ಬನದೂ ಒಂದೊಂದು ಹಟ. ಗುಬ್ಬಿ ಹಾಸುಬಟ್ಟೆಯನ್ನು ಪಟ್ಟೆಂದು ಎಳೆದಾಗ ಅದೇ ನದಿ. ಉಬ್ಬಿ ಇಳಿಯುವಾಗ ಅದೇ ಅಲೆ. ಕಥೆ ಹೇಳುವವಳಿಗೆ ಹೂಂಗುಟ್ಟುವವರು ಬೇಕು, ಇಲ್ಲದಿದ್ದರೆ ಕಥೆ ಬಾಯಲ್ಲೇ ಒಣಗುತ್ತದೆ. ಉದ್ದಕ್ಕನಂತೆ ಹೂಂಗುಟ್ಟುವವರು ಆ ಕೋಣೆಯಲ್ಲಿ ಮತ್ತೊಬ್ಬರಿರಲಿಲ್ಲ.

ಇನ್ನು ಮೊಳೆ ಅತ್ತಿಗೆಯ ವಿಷಯ.

ಕಾರ್ಖಾನೆಯ ಬಾಗಿಲ ಬಳಿ ಒಂದು ಮರದ ಹಲಗೆ, ಅದರ ಮೇಲೆ ಮೂರು ಸಾಲು ಕೊಕ್ಕೆ. ಪ್ರತಿಯೊಬ್ಬರಿಗೂ ನಂಬರು ಕೊರೆದ ಒಂದೊಂದು ಹಿತ್ತಾಳೆ ಬಿಲ್ಲೆ. ಸಂಜೆ ಹೋಗುವಾಗ ಬಿಲ್ಲೆಯನ್ನು ಕೆಳಗಿನ ಸಾಲಿಗೆ ಹಾಕಬೇಕು, ಬೆಳಿಗ್ಗೆ ಬಂದಾಗ ನಡುವಿನ ಸಾಲಿಗೆ ಏರಿಸಬೇಕು. ಗಂಟೆ ಹೊಡೆದೊಡನೆ ಹಾಜರಿ ಗುಮಾಸ್ತರು ಹಲಗೆ ನೋಡಿ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು. ಎಲ್ಲರೂ ಅವರನ್ನು ಹಾಜರಿ ಮಾವ ಎನ್ನುತ್ತಿದ್ದರು. ಅವರು ಬಿಲ್ಲೆಗಳನ್ನು ನೋಡುತ್ತಿದ್ದರೇ ಹೊರತು ಮುಖಗಳನ್ನು ನೋಡುತ್ತಿರಲಿಲ್ಲ.

ಮೇಲಿನ ಸಾಲಿನ ಕೊಕ್ಕೆಗಳಿಗೆ ಕೆಂಪು ಬಣ್ಣ ಬಳಿದಿತ್ತು. ಅದು ಕಾಯಿಲೆ ರಜೆಯ ಸಾಲು. ಗುಬ್ಬಿ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಆ ಸಾಲಿನಲ್ಲಿ ಒಂದೇ ಒಂದು ಬಿಲ್ಲೆ ನೇತಾಡಿದ್ದನ್ನು ಅವಳು ಕಂಡಿರಲಿಲ್ಲ. ಅಜ್ಜಿಯ ಕಥೆಯಲ್ಲಿ ಅರಮನೆಗೆ ಬಂದ ಸೊಸೆಗೆ, ಎಲ್ಲ ಕೋಣೆ ತೆಗೆ, ಈ ಒಂದು ಕೋಣೆ ಮಾತ್ರ ತೆಗೆಯಬೇಡ ಎನ್ನುತ್ತಾರಲ್ಲ, ಹಾಗೆ ಅದು.

ರಜೆ ಕೊಡುವುದಿಲ್ಲವೆಂದು ಯಾರೂ ಹೇಳಿರಲಿಲ್ಲ. ಕಾಯಿಲೆ ಬಿದ್ದವರಿಗೆ ಸಂಬಳದ ಸಮೇತ ರಜೆ ಕೊಡುವುದು ಮಾಲೀಕರ ಹೊಣೆ ಎಂದು ಸರ್ಕಾರದ ಕಡೆಯವರೊಬ್ಬರು ಬಂದು ಗೋಡೆಗೆ ಕಾಗದ ಅಂಟಿಸಿ ಹೋಗಿದ್ದರಂತೆ. ಆಮೇಲೆ ಅದರ ಮುಂದೆ ಗಂಜಿಪುಡಿಯ ಬೀರು ಬಂದು ನಿಂತಿತು. ಬೇಕೆಂದು ಇಟ್ಟರೋ, ಜಾಗವಿಲ್ಲದೆ ಇಟ್ಟರೋ, ಅಂತೂ ಕಾಗದ ಹಿಂದಾಯಿತು. ಬೀರುವಿನ ಪಕ್ಕದಲ್ಲಿ ಗಾಜಿನ ಚೌಕಟ್ಟಿನೊಳಗೆ ಯಜಮಾನರು ಬರೆಸಿದ ಫಲಕ ಬಂತು: ನಮ್ಮಲ್ಲಿ ಪೂರ್ಣ ಹಾಜರಿ. ಆಸ್ಪತ್ರೆಯಿಂದ ಯಾರಾದರೂ ದೊಡ್ಡವರು ಬಂದರೆ ಯಜಮಾನರು ಮೊದಲು ತೋರಿಸುತ್ತಿದ್ದದ್ದು ಆ ಫಲಕವನ್ನೇ.

ಯಾರಾದರೂ ರಜೆ ಹಾಕಿದರೆ ಜೋಡಿ ಮುರಿಯುತ್ತದೆ. ಮುರಿದ ಜೋಡಿಯನ್ನು ಒಂದು ತಿಂಗಳ ಮಟ್ಟಿಗೆ ಹಬೆ ಕೋಣೆಗೆ ಕಳಿಸುವುದು ಅಲ್ಲಿನ ವಾಡಿಕೆ. ಇದು ಶಿಕ್ಷೆಯಲ್ಲ, ಬರೀ ವ್ಯವಸ್ಥೆ ಎನ್ನುತ್ತಿದ್ದರು ಯಜಮಾನರು. ಹಬೆ ಕೋಣೆಯಲ್ಲಿ ಎದುರಿಗಿದ್ದವರ ಮುಖ ಕಾಣುವುದಿಲ್ಲ. ಕೈಯ ಚರ್ಮ ಬೆಂದು ಬೆಳ್ಳಗಾಗುತ್ತದೆ. ಉಸಿರು ಎಳೆದುಕೊಂಡರೆ ಬಿಸಿನೀರು ಕುಡಿದ ಹಾಗೆ. ಕಾಯಿಲೆಯವಳ ಜೊತೆ ಕಾಯಿಲೆಯಿಲ್ಲದವಳೂ ಅಲ್ಲಿಗೇ ಹೋಗಬೇಕು. ತನ್ನ ಜ್ವರಕ್ಕೆ ಇನ್ನೊಬ್ಬಳನ್ನು ಬೇಯಿಸಲು ಯಾರಿಗೆ ತಾನೇ ಮನಸ್ಸು ಬರುತ್ತದೆ?

ಆದ್ದರಿಂದ ಹೆಂಗಸರು ಬೇರೆ ದಾರಿ ಹಿಡಿದಿದ್ದರು. ಒಬ್ಬಳಿಗೆ ಮೈ ಸರಿಯಿಲ್ಲದಿದ್ದರೆ ಅವಳ ಜೋಡಿ ಎರಡೂ ಬಿಲ್ಲೆ ಏರಿಸುತ್ತಿದ್ದಳು. ಹಾಸುಬಟ್ಟೆಯ ಎರಡು ಮೂಲೆಗಳನ್ನು ಮೊಳೆಗೆ ಸಿಕ್ಕಿಸಿ, ಮಿಕ್ಕೆರಡನ್ನು ತಾನು ಹಿಡಿದು ಎಳೆದು, ಮೊಳೆಯ ತನಕ ನಡೆದು ಹೋಗಿ ಬಿಡಿಸಿಕೊಂಡು ಮಡಿಸುತ್ತಿದ್ದಳು. ಇಬ್ಬರ ಕೆಲಸ ಒಬ್ಬಳೇ. ಒಂದು ದಿನ, ಹೆಚ್ಚೆಂದರೆ ಎರಡು ದಿನ.

"ಇವತ್ತು ನಿನ್ನ ಜೋಡಿ ಯಾರೇ?"

"ನಮ್ಮ ಮೊಳೆ ಅತ್ತಿಗೆ ಕಣ್ರೇ. ಮಾತಿಲ್ಲ ಕಥೆಯಿಲ್ಲ, ಬಲು ಗಟ್ಟಿ ಹೆಂಗಸು."

ಉದ್ದಕ್ಕನಿಗೆ ಕೆಮ್ಮು ಶುರುವಾದದ್ದು ಯಾವಾಗ ಎಂದು ಕೇಳಿದರೆ ಗುಬ್ಬಿಗೂ ಹೇಳಲು ಬರುತ್ತಿರಲಿಲ್ಲ. ಮೊದಮೊದಲು ಹೂಂ ಎನ್ನುವ ಕಡೆ ಒಂದು ಸಣ್ಣ ಕೆಮ್ಮು ಬರುತ್ತಿತ್ತು. ಆಮೇಲೆ ಹೂಂ ಕಡಿಮೆಯಾಗಿ ಕೆಮ್ಮೇ ಹೆಚ್ಚಾಯಿತು. ನಾಲ್ಕನೇ ತಾರೀಕಿನ ಬೆಳಿಗ್ಗೆ ಉದ್ದಕ್ಕನ ಮಗಳು ಗೇಟಿನ ಹತ್ತಿರ ಕಾದು ನಿಂತಿದ್ದಳು. ಅವಳು ಚಪ್ಪಲಿ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಹುಡುಗಿ, ತಾಯಿಯಷ್ಟೇ ಎತ್ತರ.

"ಚಿಕ್ಕೀ, ಅಮ್ಮನ್ನ ಆಸ್ಪತ್ರೆಗೆ ಸೇರಿಸಿದೀವಿ. ಎದೆಯಲ್ಲಿ ನೀರು ತುಂಬಿದೆಯಂತೆ."

"ಅಯ್ಯೋ! ಈಗ ಹೇಗಿದಾಳೆ?"

"ಮಾತಾಡ್ತಾಳೆ. ಮೊದಲನೇ ಮಾತೇ, ಗುಬ್ಬಿಗೆ ಹೇಳು ನಾಳೆ ನಾಡಿದ್ದರಲ್ಲಿ ಬಂದ್ಬಿಡ್ತೀನಿ ಅಂತ."

ಗುಬ್ಬಿ ಹಲಗೆಯ ಮುಂದೆ ನಿಂತಳು. ದಿನಾ ಅವಳ ಬಿಲ್ಲೆಯನ್ನೂ ಉದ್ದಕ್ಕನೇ ಏರಿಸುತ್ತಿದ್ದದ್ದು, ಗುಬ್ಬಿಗೆ ನಡುವಿನ ಸಾಲು ಎಟುಕುವುದೇ ಕಷ್ಟ. ತುದಿಗಾಲಲ್ಲಿ ನಿಂತು ಮೊದಲು ತನ್ನದನ್ನು ಹಾಕಿದಳು. ಆಮೇಲೆ ಉದ್ದಕ್ಕನದನ್ನು ಹಾಕಿದಳು. ಎದೆಯಲ್ಲಿ ನೀರು ತುಂಬಿದವಳನ್ನು ವಾಪಸು ಬಂದಮೇಲೆ ಒಂದು ತಿಂಗಳು ಹಬೆಗೆ ನಿಲ್ಲಿಸಿದರೆ ಅವಳು ಉಳಿಯುತ್ತಾಳೆಯೇ? ಅಷ್ಟೇ ಅವಳ ತಲೆಯಲ್ಲಿದ್ದದ್ದು. ನಾಳೆ ಬರುತ್ತಾಳೆ, ಒಂದು ದಿನದ ಮಾತು.

ಮರುದಿನವೂ ಒಂದು ದಿನದ ಮಾತೇ ಆಯಿತು, ಅದರ ಮರುದಿನವೂ. ಹೀಗೆ ಎಂಟು ದಿನ. ಅಷ್ಟು ದಿನ ಮೊಳೆಯ ಜೊತೆ ಯಾರೂ ಮಡಿಸಿರಲಿಲ್ಲ. ಗುಬ್ಬಿಯ ತೋಳು ಬಿದ್ದುಹೋಗುವಂತಾಗಿತ್ತು. ಆಸ್ಪತ್ರೆಯ ಹಾಸುಬಟ್ಟೆಗಳ ಅಂಚಿಗೆ ನೀಲಿ ದಾರದ ಗುರುತಿರುತ್ತಿತ್ತು. ಅಂಥದ್ದೊಂದು ಕೈಗೆ ಬಂದಾಗಲೆಲ್ಲ ಗುಬ್ಬಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಅಕ್ಕ ಮಲಗಿದ್ದು ಇದರ ಮೇಲೆಯೇ ಇರಬಹುದೇ? ಅಂಥವನ್ನು ಇನ್ನಷ್ಟು ನಯವಾಗಿ ಮಡಿಸುತ್ತಿದ್ದಳು.

ಕೆಲಸ ಮುಗಿಸಿ ಕಿತ್ತಳೆಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋದರೆ ಉದ್ದಕ್ಕ ಮಂಚದಿಂದ ಹೊರಗೆ ಕಾಲು ಚಾಚಿಕೊಂಡು ಮಲಗಿರುತ್ತಿದ್ದಳು.

"ಇಲ್ಲಿನ ಮಂಚಾನೂ ನಿನ್ನ ಅಳತೆಗೆ ಮಾಡಿದಾರೆ ಕಣೇ, ಗುಬ್ಬಿ."

"ಮಡಿಸಿಕೊಂಡು ಮಲಗು ಮತ್ತೆ! ಇಷ್ಟು ವರ್ಷ ಮಡಿಸಿದ್ದು ಏನಕ್ಕೆ?"

ಉದ್ದಕ್ಕ ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಂತ ಮೇಲೆ ದನಿ ತಗ್ಗಿಸಿ, "ಬಿಲ್ಲೆ ಏರಿಸ್ತಿದೀಯಾ?" ಎಂದಳು.

"ಹೂಂ."

"ಸಾಕು ಕಣೇ. ಸಿಕ್ಕಿಹಾಕ್ಕೊಂಡ್ರೆ ನಿನ್ನ ಕೆಲಸ ಹೋಗುತ್ತೆ. ಮನೇಲಿ ನಿಮ್ಮಮ್ಮ ಇದಾರೆ, ಕಣ್ಣು ಬೇರೆ ಕಾಣಲ್ಲ ಅವರಿಗೆ."

"ಹಾಜರಿ ಮಾವ ತಲೆ ಎತ್ತಿದ್ರೆ ತಾನೇ? ನೀನು ಸುಮ್ನಿರು. ಐದನೇ ನದಿಗೆ ಬಂದಿದ್ವಿ, ನೆನಪಿದೆಯಾ?"

ಹನ್ನೆರಡರಂದು ಉದ್ದಕ್ಕನನ್ನು ಮನೆಗೆ ಕಳಿಸಿದರು. ಎರಡು ತಿಂಗಳು ಏಳಕೂಡದು, ಹಬೆ ಧೂಳು ಯಾವುದೂ ಸೋಕಕೂಡದು ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಎರಡು ತಿಂಗಳಿಗೆ ಮೊಳೆ ಅತ್ತಿಗೆ ಸಾಲದು. ಮಗಳು ಆ ಚೀಟಿ ಹಿಡಿದುಕೊಂಡು ನೇರವಾಗಿ ಯಜಮಾನರ ಕೋಣೆಗೇ ಹೋದಳು. ಹೋಗುವ ಮೊದಲು ಒಂದು ಮಾತು ಗುಬ್ಬಿಯನ್ನು ಕೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ. ಬಿಲ್ಲೆಯ ಗುಟ್ಟು ಅವಳಿಗೆ ತಿಳಿದಿರಲಿಲ್ಲ.

ಗುಬ್ಬಿಗೆ ಕರೆ ಬಂತು.

ಯಜಮಾನರು ಕೆಟ್ಟವರೇನಲ್ಲ. ಗದರಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಬಿಳಿ ಅಂಗಿ, ಮೂಗಿನ ತುದಿಯಲ್ಲಿ ಕನ್ನಡಕ. ಮೇಜಿನ ಮೇಲೆ ಒಂದು ಕಡೆ ಡಾಕ್ಟರ ಚೀಟಿ, ಇನ್ನೊಂದು ಕಡೆ ಹಾಜರಿ ಪುಸ್ತಕ. ಹಾಜರಿ ಮಾವ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು.

"ನೋಡಮ್ಮಾ, ಕಾಯಿಲೆ ಬಿದ್ದೋರಿಗೆ ಸಂಬಳ ಹಿಡೀದೆ ರಜೆ ಕೊಡ್ಬೇಕು, ಅದು ನನ್ನ ಹೊಣೆ. ನಾನು ಯಾರಿಗೂ ಇಲ್ಲ ಅಂದೋನಲ್ಲ. ಆದ್ರೆ ಇಲ್ಲಿ ನೋಡು. ನಾಲ್ಕರಿಂದ ಹನ್ನೊಂದರವರೆಗೆ ಆಸ್ಪತ್ರೇಲಿದ್ರು ಅಂತ ಬರೆದಿದೆ. ನಮ್ಮ ಪುಸ್ತಕದಲ್ಲಿ ಎಂಟೂ ದಿನ ಇಲ್ಲೇ ಹಾಜರು. ಒಬ್ಬ ಮನುಷ್ಯ ಎರಡು ಕಡೆ ಹೇಗಮ್ಮಾ ಇರೋಕಾಗುತ್ತೆ?"

ಮಗಳು ಗುಬ್ಬಿಯ ಕಡೆ ತಿರುಗಿದಳು.

"ಹೇಳಿ ಚಿಕ್ಕೀ. ನೀವು ದಿನಾ ಆಸ್ಪತ್ರೆಗೆ ಬಂದಿರ್ಲಿಲ್ವಾ?"

"ಆ ಎಂಟು ದಿನ ಅವರು ನಿನ್ನ ಜೊತೆ ಮಡಿಸಿದ್ರಾ ಇಲ್ವಾ?" ಎಂದರು ಯಜಮಾನರು. "ಅಷ್ಟೇ ಹೇಳು. ಇಲ್ಲ ಅಂದ್ರೆ ಬಿಲ್ಲೆ ಏರಿಸಿದ್ದು ಯಾರು ಅಂತ ನಾನು ಕೇಳಬೇಕಾಗುತ್ತೆ."

ಹಲಗೆಯ ಮೇಲೆ ಬರೆದದ್ದು ಗುಬ್ಬಿಯ ಕಣ್ಣಮುಂದೆ ಬಂತು: ಬಾರದವರ ಬಿಲ್ಲೆ ಏರಿಸಿದವರಿಗೆ ಕೆಲಸವಿಲ್ಲ. ಅದರ ಹಿಂದೆಯೇ ಮೆಟ್ಟಿಲ ಕೊನೆಯಲ್ಲಿ ಕೂತು ತನ್ನ ಕಾಲಸಪ್ಪಳಕ್ಕೆ ಕಿವಿಗೊಡುವ ಅಮ್ಮ ಬಂದಳು. ಕಿಟಕಿಯಾಚೆ ಗಾಡಿಯಿಂದ ಗಂಟುಗಳನ್ನು ಇಳಿಸುತ್ತಿದ್ದರು, ದಬ್, ದಬ್ ಎಂದು.

"ಇದ್ರು," ಎಂದಳು ಗುಬ್ಬಿ.

ಆ ಎರಡಕ್ಷರ ಅವಳ ಬಾಯಿಂದ ಬಿದ್ದಾಗ ಹಾಜರಿ ಮಾವ ತಲೆಯೆತ್ತಿ ಮೊದಲ ಬಾರಿಗೆ ಅವಳ ಮುಖ ನೋಡಿದರು. ಮಗಳು ಚೀಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಸುಳ್ಳು ಚೀಟಿಗೆ ರಜೆ ಕೊಡಲು ಬರುವುದಿಲ್ಲ ಎಂದು ಯಜಮಾನರು ಬೇಸರದಿಂದಲೇ ಹೇಳಿದರು.

ಮರುದಿನ ಬೆಳಿಗ್ಗೆ ಹಲಗೆಯ ಮುಂದೆ ಉದ್ದಕ್ಕ ನಿಂತಿದ್ದಳು.

ಮುಖ ಕಾಗದದ ಹಾಗಿತ್ತು. ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದರಲ್ಲಿ ಎರಡೂ ಬಿಲ್ಲೆಗಳನ್ನು ಎಂದಿನಂತೆ ನಡುವಿನ ಸಾಲಿಗೆ ಏರಿಸುತ್ತಿದ್ದಳು. ಆಸ್ಪತ್ರೆಯವರು ತಾರೀಕು ತಪ್ಪು ಬರೆದಿದ್ದರು, ಮಗಳಿಗೆ ಗೊತ್ತಾಗಲಿಲ್ಲ, ತನಗೆ ಬರೀ ನೆಗಡಿ ಎಂದು ಯಜಮಾನರಿಗೆ ಹೇಳಿ ಆಗಿತ್ತು.

"ಅಕ್ಕಾ, ನೀನ್ಯಾಕೆ ಬಂದೆ? ನಾನು... ನಿನ್ನೆ ನಾನು..."

"ಗೊತ್ತು. ಮಗಳು ಹೇಳಿದ್ಲು, ರಾತ್ರಿಯೆಲ್ಲ ನಿನ್ನ ಬೈದ್ಲು. ಅವಳಿಗೇನು ಗೊತ್ತು? ಹಿಡ್ಕೋ ಆ ತುದಿ."

"ನಾನು ಈಗ್ಲೇ ಹೋಗಿ ಹೇಳ್ಬಿಡ್ತೀನಿ."

"ಹೇಳಿ ನೋಡು, ಈ ಜನ್ಮದಲ್ಲಿ ನಿನ್ನ ಜೊತೆ ಮಾತಾಡಲ್ಲ. ನನಗೋಸ್ಕರ ಏರಿಸಿದ ಬಿಲ್ಲೆಗೆ ನಿನ್ನ ಕೆಲಸ ಹೋಗಬೇಕಾ? ಎರಡು ತಿಂಗಳಂತೆ ಎರಡು ತಿಂಗಳು. ಡಾಕ್ಟರಿಗೇನು, ಬರೆಯೋಕೆ ಒಂದು ಪೆನ್ನಿದ್ರೆ ಆಯ್ತು. ಹೂಂ, ಆರನೇ ನದಿ ಶುರುಮಾಡು."

ಗುಬ್ಬಿ ಆ ತುದಿ ಹಿಡಿದಳು. ಬೇಡವೆಂದು ಅಕ್ಕ ಹೇಳಿದ್ದಕ್ಕೆ ಅವಳಿಗೆ ನೋವಾಗಬೇಕಿತ್ತು. ಆದರೆ ಒಳಗೆಲ್ಲೋ ಒಂದು ಮೂಲೆಯಲ್ಲಿ ಹಗುರವಾಯಿತು. ಆ ಹಗುರವನ್ನು ಅವಳು ಮುಂದೆಂದೂ ಮರೆಯಲಿಲ್ಲ.

ಒಂಬತ್ತು ದಿನ ಮಡಿಸಿದರು. ಆರನೇ ನದಿಯ ಅಂಬಿಗ, ನಿನ್ನ ನೆರಳನ್ನು ದಡದಲ್ಲಿ ಬಿಟ್ಟು ಬಂದರೆ ಮಾತ್ರ ದೋಣಿ ಹತ್ತಿಸುತ್ತೇನೆ ಎನ್ನುತ್ತಾನೆ. ಆ ನೆರಳನ್ನು ಬಿಡಿಸುವಷ್ಟರಲ್ಲಿ ಒಂಬತ್ತು ದಿನ ಕಳೆಯಿತು, ಯಾಕೆಂದರೆ ಉದ್ದಕ್ಕ ನಾಲ್ಕು ಹಾಸುಬಟ್ಟೆಗೊಮ್ಮೆ ಮೇಜಿಗೆ ಒರಗಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಗುಬ್ಬಿ ತಾನೇ ಹೆಚ್ಚು ನಡೆದು, ಅವಳು ನಿಂತಲ್ಲಿಗೇ ಮೂಲೆಗಳನ್ನು ಒಯ್ದು ಕೊಡುತ್ತಿದ್ದಳು. ಇಸ್ತ್ರಿ ದೊಡ್ಡಮ್ಮ ಜಾರುಬಂಡೆಯ ಮಾತು ನಿಲ್ಲಿಸಿದಳು. ಹೂಂ ಈಗ ದನಿಯಲ್ಲಿರಲಿಲ್ಲ, ಬರೀ ತಲೆಯಾಡಿಸುವುದರಲ್ಲಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ ನೀಲಿ ದಾರದ ಹಾಸುಬಟ್ಟೆಯೊಂದನ್ನು ಇಬ್ಬರೂ ಎಳೆದರು. ಗುಬ್ಬಿ ಅಂಚು ಕೂಡಿಸಿ ನಡೆದು ಬಂದಳು. ಎದುರಿಗೆ ಉದ್ದಕ್ಕ ನಡೆದು ಬರಲಿಲ್ಲ. ಅಲ್ಲೇ ನಿಧಾನವಾಗಿ, ಯಾರೋ ಅವಳನ್ನೇ ಮಡಿಸಿಟ್ಟ ಹಾಗೆ, ಮೊದಲು ಮಂಡಿ, ಆಮೇಲೆ ಸೊಂಟ, ಆಮೇಲೆ ತಲೆ ಬಗ್ಗಿ, ಮಡಿಸಿಟ್ಟ ಬಟ್ಟೆಯ ರಾಶಿಯ ಮೇಲೆ ಕೂತುಬಿಟ್ಟಳು. ಕೈಯಲ್ಲಿದ್ದ ಮೂಲೆಗಳನ್ನು ಮಾತ್ರ ಬಿಟ್ಟಿರಲಿಲ್ಲ.

"ಬಿಡು ಅಕ್ಕಾ. ಬಿಡು, ನಾನು ಹಿಡ್ಕೋತೀನಿ."

ಗುಬ್ಬಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ದೊಡ್ಡಮ್ಮ ನೀರು ತಂದಳು. ಗುಬ್ಬಿ ಎದ್ದು, ಯಾರನ್ನೂ ಕೇಳದೆ ಯಜಮಾನರ ಕೋಣೆಗೆ ನಡೆದಳು.

"ಅಕ್ಕ ಎಂಟು ದಿನ ಇರ್ಲಿಲ್ಲ. ಬಿಲ್ಲೆ ಏರಿಸಿದ್ದು ನಾನು. ಇದ್ರು ಅಂದಿದ್ದು ಸುಳ್ಳು. ಡಾಕ್ಟರ ಚೀಟಿ ನಿಜ."

ಯಜಮಾನರು ಕನ್ನಡಕ ತೆಗೆದರು. "ಎಂಟು ದಿನದ ಕೆಲಸ ಒಂದು ಹಾಸುಬಟ್ಟೆ ಕಮ್ಮಿ ಇಲ್ಲದೆ ಬಂದಿದೆ. ಇಬ್ಬರು ಮಾಡೋದನ್ನ ಒಬ್ಬಳೇ ಹೇಗಮ್ಮಾ ಮಾಡ್ದೆ?"

"ಬನ್ನಿ, ತೋರಿಸ್ತೀನಿ."

ಎಷ್ಟೋ ವರ್ಷಗಳಿಂದ ಯಜಮಾನರು ಮಡಿಸುವ ಕೋಣೆಯ ಒಳಗೋಡೆಯ ತನಕ ಬಂದಿರಲಿಲ್ಲ. ಯಂತ್ರಗಳು ತಿರುಗುತ್ತಿದ್ದವು, ಹೆಂಗಸರ ಕೈಗಳು ಮಾತ್ರ ನಿಂತಿದ್ದವು. ಗುಬ್ಬಿ ಹಾಸುಬಟ್ಟೆಯೊಂದನ್ನು ತೆಗೆದು, ಎರಡು ಮೂಲೆ ಮೊಳೆಗೆ ಸಿಕ್ಕಿಸಿ, ಹಿಂದಕ್ಕೆ ಸರಿದು, ಪಟ್ಟೆಂದು ಎಳೆದು, ಮಡಿಸಿ ತೋರಿಸಿದಳು.

ಯಜಮಾನರು ಬಟ್ಟೆಯನ್ನು ನೋಡಲಿಲ್ಲ. ಮೊಳೆಯನ್ನು ನೋಡಿದರು. ಅದು ಬೆಳ್ಳಿಯ ಹಾಗೆ ಫಳಫಳ ಹೊಳೆಯುತ್ತಿತ್ತು. ಅದರ ಸುತ್ತ ಗೋಡೆಯ ಸುಣ್ಣ ಉಜ್ಜಿ ಉಜ್ಜಿ ಸವೆದು, ಒಳಗಿನ ಇಟ್ಟಿಗೆಯೂ ನಯವಾಗಿ ಗುಳಿ ಬಿದ್ದಿತ್ತು. ಅವರು ಬೆರಳಿನಿಂದ ಮುಟ್ಟಿದರು.

"ಇದು ಎಂಟು ದಿನದ ಹೊಳಪಲ್ಲ," ಎಂದರು.

ಇಸ್ತ್ರಿ ದೊಡ್ಡಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ನಿಮ್ಮ ಫಲಕ ನಿಂತಿರೋದು ಅದರ ಮೇಲೇ ಯಜಮಾನ್ರೇ," ಎಂದಳು.

"ರಜೆ ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ?"

"ಕೊಡ್ತಿದ್ರಿ," ಎಂದವರು ಹಾಜರಿ ಮಾವ. ಹಿಂದೆಯೇ ಬಂದು ನಿಂತಿದ್ದರು. "ಅದರ ಹಿಂದೆ ಹಬೆ ಕೋಣೇನೂ ಕೊಡ್ತಿದ್ರಿ."

ಆಮೇಲೆ ಅವರು ಗಂಜಿಪುಡಿಯ ಬೀರುವಿಗೆ ಹೆಗಲು ಕೊಟ್ಟು ತಳ್ಳಿದರು. ಒಬ್ಬರಿಂದ ಆಗಲಿಲ್ಲ, ಇಬ್ಬರು ಹೆಂಗಸರು ಹೋಗಿ ಕೈಹಾಕಿದರು. ಹಿಂದೆ ಹಳದಿಯಾದ ಕಾಗದ. ಮಾವ ಅದನ್ನು, ಹಾಜರಿ ಕೂಗುವ ದನಿಯಲ್ಲೇ, ಓದಿದರು: "ಕಾಯಿಲೆ ಬಿದ್ದ ಕೆಲಸಗಾರರಿಗೆ ಸಂಬಳ ಸಹಿತ ರಜೆ ಕೊಡುವುದು ಮಾಲೀಕರ ಕರ್ತವ್ಯ. ರಜೆ ಪಡೆದ ಕಾರಣಕ್ಕೆ ಅವರನ್ನಾಗಲಿ, ಅವರೊಂದಿಗೆ ಕೆಲಸ ಮಾಡುವವರನ್ನಾಗಲಿ, ಬೇರೆ ಕೆಲಸಕ್ಕೆ ಹಾಕತಕ್ಕದ್ದಲ್ಲ."

"ಇದನ್ನ ನಾನು ಮೊದಲೇ ಓದಿದ್ದೆ," ಎಂದರು ಮಾವ, ಯಾರಿಗೆ ಎಂದು ತಿಳಿಯದ ಹಾಗೆ. "ಮೊಳೇನೂ ಮೊದಲೇ ನೋಡಿದ್ದೆ."

ಯಜಮಾನರು ಆ ದಿನವೇ ಎರಡು ತಿಂಗಳ ರಜೆಗೆ ರುಜು ಹಾಕಿದರು. ಗುಬ್ಬಿಯನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಸುಳ್ಳು ಹೇಳಿದ್ದಕ್ಕೆ ಏನಾದರೂ ಮಾಡದೆ ಅವರ ಮನಸ್ಸಿಗೆ ಸಮಾಧಾನವಿರಲಿಲ್ಲ: ಹದಿನೈದು ದಿನ ಬರಬೇಡ ಎಂದರು. ಉದ್ದಕ್ಕನನ್ನು ಗಾಡಿಯಲ್ಲಿ ಕೂರಿಸುವ ಮೊದಲು ಮಾವ ಅವಳ ಬಿಲ್ಲೆಯನ್ನು ನಡುವಿನ ಸಾಲಿನಿಂದ ತೆಗೆದು ಕೆಂಪು ಕೊಕ್ಕೆಗೆ ಹಾಕಿದರು. ಅವಳು ತಲೆಯೆತ್ತಿ ಅದನ್ನು ನೋಡಿ, "ನನಗೆ ಸರಿಯಾದ ಎತ್ತರ," ಎಂದು ಪಿಸುಗುಟ್ಟಿದಳು.

ಆ ಹದಿನೈದು ದಿನವನ್ನು ಗುಬ್ಬಿ ಉದ್ದಕ್ಕನ ಮನೆಯಲ್ಲಿ ಕಳೆದಳು. ಮೊದಲ ದಿನ ಬಾಗಿಲು ತೆಗೆದ ಮಗಳು ಸ್ವಲ್ಪ ಹೊತ್ತು ದಾರಿಬಿಡದೆ ನಿಂತಿದ್ದಳು.

"ಮೊದಲೇ ಹೇಳ್ಬೋದಿತ್ತು, ಚಿಕ್ಕೀ."

"ಹೌದು," ಎಂದಳು ಗುಬ್ಬಿ. ಮಗಳು ಪಕ್ಕಕ್ಕೆ ಸರಿದಳು, ಚಪ್ಪಲಿ ಅಂಗಡಿಗೆ ಹೊತ್ತಾಗಿತ್ತು ಅವಳಿಗೆ.

ಹಗಲಿನ ಮನೆ ಹೇಗಿರುತ್ತದೆಂದು ಇಬ್ಬರಿಗೂ ಮರೆತುಹೋಗಿತ್ತು. ಕಿಟಕಿಯ ಬಿಸಿಲು ನೆಲದ ಮೇಲೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಿಧಾನವಾಗಿ ನಡೆದುಹೋಗುತ್ತಿತ್ತು. ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. ಉದ್ದಕ್ಕ ನಾಲ್ಕು ದಿಂಬು ಒರಗಿ ಕೂತು ಎಲ್ಲವನ್ನೂ ಆಶ್ಚರ್ಯದಿಂದ ಕೇಳಿಸಿಕೊಳ್ಳುತ್ತಿದ್ದಳು.

"ಇಷ್ಟು ಪುರುಸೊತ್ತು ಒಟ್ಟಿಗೆ ಸಿಕ್ಕಿದ್ದೇ ಇಲ್ಲ ಕಣೇ. ಏಳನೇ ನದಿ ದಾಟಿಸು ಈಗ."

ಗುಬ್ಬಿ ತಲೆ ತಗ್ಗಿಸಿದಳು. "ಅಕ್ಕಾ, ನಿಜ ಹೇಳ್ಲಾ? ಏಳನೇ ನದಿ ನಂಗೂ ಗೊತ್ತಿಲ್ಲ. ಅಜ್ಜಿಗೆ ಪ್ರತೀ ಸಲ ಅಲ್ಲಿಗೆ ಬರೋ ಹೊತ್ತಿಗೆ ನಿದ್ದೆ ಬಂದ್ಬಿಡೋದು."

ಉದ್ದಕ್ಕ ಮೂಗಿನಿಂದ ಒಂದು ಉಸಿರು ಬಿಟ್ಟಳು. "ಆರು ವರ್ಷ ನನ್ನ ಹತ್ರ ಹೂಂ ಅನ್ನಿಸಿಕೊಂಡು ಈಗ ಹೇಳ್ತೀಯಲ್ಲೇ, ಕಳ್ಳಿ!" ಆಮೇಲೆ ದಿಂಬಿಗೆ ತಲೆಯೊರಗಿಸಿ, "ಹೋಗ್ಲಿ ಬಿಡು. ದಡದಲ್ಲೇ ಕೂತಿರೋಣ," ಎಂದಳು.

ರಜೆಯ ಹನ್ನೆರಡನೆಯ ದಿನ ಮಧ್ಯಾಹ್ನ ಉದ್ದಕ್ಕ ಹೋದಳು. ಇನ್ನೊಂದು ತಿಂಗಳು ಬೇಗ ಮಲಗಿಸಿದ್ದರೆ ಉಳಿಯುತ್ತಿದ್ದಳೇನೋ ಎಂದರು ಡಾಕ್ಟರು. ಆ ಒಂಬತ್ತು ದಿನಗಳ ಬಗ್ಗೆ ಗುಬ್ಬಿ ಅವರನ್ನು ಕೇಳಲಿಲ್ಲ. ಕೇಳಿದ್ದರೆ ಅವರು ಇಲ್ಲ ಎಂದಿದ್ದರೂ ಅವಳು ನಂಬುತ್ತಿರಲಿಲ್ಲ, ಹೌದು ಎಂದಿದ್ದರೆ ತಡೆದುಕೊಳ್ಳುತ್ತಿರಲಿಲ್ಲ.

ಗುಬ್ಬಿ ಕೆಲಸಕ್ಕೆ ಮರಳಿದಾಗ ಗೋಡೆಯಲ್ಲಿ ಮೊಳೆಯಿರಲಿಲ್ಲ. ಯಜಮಾನರು ಕೀಳಿಸಿ ಸುಣ್ಣ ತುಂಬಿಸಿದ್ದರು. ಫಲಕವೂ ಇರಲಿಲ್ಲ, ಅದರ ಜಾಗದಲ್ಲಿ ಗೋಡೆ ಚೌಕಾಕಾರವಾಗಿ ಬೆಳ್ಳಗಿತ್ತು. ಹೊಸ ಜೋಡಿ ಗುಬ್ಬಿಯಷ್ಟೇ ಎತ್ತರದವಳು. ಹಾಸುಬಟ್ಟೆ ನೀರಿನ ಮಟ್ಟದ ಹಾಗೆ ಸಮವಾಗಿ ನಿಲ್ಲುತ್ತಿತ್ತು. ಒಳ್ಳೆಯ ಹುಡುಗಿ. ಗುಬ್ಬಿ ಅವಳಿಗೆ ಕಥೆ ಹೇಳಲಿಲ್ಲ. ಕೆಂಪು ಸಾಲಿನಲ್ಲಿ ಉದ್ದಕ್ಕನ ಬಿಲ್ಲೆ ಹಾಗೆಯೇ ನೇತಾಡುತ್ತಿತ್ತು. ರುಜು ಹಾಕಿದ ರಜೆ ಮುಗಿಯುವ ತನಕ ಅದನ್ನು ಇಳಿಸುವುದಿಲ್ಲ ಎಂದಿದ್ದರಂತೆ ಹಾಜರಿ ಮಾವ.

ಆ ಎರಡು ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿದ್ದಾಗ ಗುಬ್ಬಿಗೆ ಜ್ವರ ಬಂತು. ಎಲ್ಲರಿಗೂ ಬರುವಂಥ ಜ್ವರವೇ. ಬೆಳಿಗ್ಗೆ ಹಲಗೆಯ ಮುಂದೆ ನಿಂತಾಗ ಕಣ್ಣು ಉರಿಯುತ್ತಿತ್ತು. ಅಭ್ಯಾಸಬಲದಿಂದ ಕೈ ನಡುವಿನ ಸಾಲಿಗೆ ಹೋಯಿತು.

"ಮುಖ ಕೆಂಪಾಗಿದೆಯಲ್ಲಮ್ಮಾ," ಎಂದರು ಮಾವ. ಈಗೀಗ ಅವರು ಮೊದಲು ಮುಖಗಳನ್ನೇ ನೋಡುತ್ತಿದ್ದರು.

"ಜ್ವರ, ಮಾವ."

"ಮತ್ತೆ ಏನಕ್ಕೆ ನಿಂತಿದ್ದೀಯಾ? ಮೇಲೆ ಹಾಕು, ಮನೆಗೆ ನಡಿ."

ಗುಬ್ಬಿ ತುದಿಗಾಲಲ್ಲಿ ನಿಂತಳು. ಎಟುಕಲಿಲ್ಲ. ಇನ್ನೊಂದು ಚೂರು ಎತ್ತರಿಸಿದಳು. ಬಿಲ್ಲೆ ಕೊಕ್ಕೆಯ ಕೆಳಗೇ ಮರಕ್ಕೆ ತಗುಲಿ ಟಣ್ ಎಂದಿತು. ಮಾವ ಎದ್ದುಬರಲು ಹೋದರು.

"ಬೇಡ ಮಾವ. ನಾನೇ ಹಾಕ್ತೀನಿ."

ಅವಳು ಗಂಜಿಪುಡಿಯ ಖಾಲಿ ಡಬ್ಬವೊಂದನ್ನು ಉರುಳಿಸಿ ತಂದು, ಬೋರಲು ಹಾಕಿ, ಮೇಲೆ ಹತ್ತಿದಳು. ಉದ್ದಕ್ಕನ ಬಿಲ್ಲೆ ಈಗ ಅವಳ ಕಣ್ಣಿನ ಮಟ್ಟದಲ್ಲಿತ್ತು. ಅಕ್ಕನಿಗೆ ಈ ಬಾಗಿಲು, ಈ ಕೋಣೆ, ಕೆಳಗೆ ನಿಂತ ತಾನು, ಎಲ್ಲ ಇಷ್ಟು ಎತ್ತರದಿಂದ ಕಾಣುತ್ತಿತ್ತು. ಪಕ್ಕದ ಕೊಕ್ಕೆಗೆ ತನ್ನ ಬಿಲ್ಲೆಯನ್ನು ಸಿಕ್ಕಿಸಿದಳು. ಎರಡೂ ಸ್ವಲ್ಪ ಹೊತ್ತು ಒಂದಕ್ಕೊಂದು ತಾಗಿ ತೂಗಾಡಿ, ನಿಂತವು.

ಹೊರಗೆ ಬೀದಿಯ ತುಂಬ ಬೆಳಗಿನ ಬಿಸಿಲು. ಕೆಲಸದ ದಿನ ಆ ಹೊತ್ತಿನಲ್ಲಿ ಅವಳು ಎಂದೂ ಆ ದಾರಿಯಲ್ಲಿ ನಡೆದಿರಲಿಲ್ಲ. ಮೆಟ್ಟಿಲ ಕೊನೆಯಲ್ಲಿ ಅಮ್ಮ ಕಾಲಸಪ್ಪಳ ಗುರುತಿಸಿ, "ಯಾಕೇ, ಇಷ್ಟು ಬೇಗ?" ಎಂದಳು.

"ರಜೆ ಅಮ್ಮಾ," ಎಂದು ಗುಬ್ಬಿ ಒಳಗೆ ಹೋಗಿ ಮಲಗಿದಳು. ಅಮ್ಮ ಬಂದು ಹಣೆ ಮುಟ್ಟಿ ನೋಡಿ, ಹಾಸುಬಟ್ಟೆಯನ್ನು ಅವಳ ಕುತ್ತಿಗೆಯ ತನಕ ಎಳೆದು, ಪಕ್ಕದಲ್ಲೇ ಕೂತಳು.

"ಅಮ್ಮಾ, ಏಳನೇ ನದಿ ಹತ್ರ ಏನಾಗುತ್ತೆ, ನಿಂಗೇನಾದ್ರೂ ಗೊತ್ತಾ?"

"ನಂಗೂ ಅಷ್ಟಕ್ಕೇ ನಿಲ್ಲಿಸ್ತಿದ್ಲು ನಿನ್ನಜ್ಜಿ," ಎಂದಳು ಅಮ್ಮ, ಅವಳ ಕೂದಲು ಸವರುತ್ತ. "ಆರನೇದು ಬೇಕಾದ್ರೆ ಹೇಳ್ತೀನಿ. ಹೇಳ್ಲಾ?"

ಗುಬ್ಬಿ ಗೋಡೆಯ ಕಡೆ ತಿರುಗಿದಳು. ಗೋಡೆ ನೋಡುತ್ತಲೇ, "ಹೂಂ," ಎಂದಳು.